ಕಲ್ಲಿಗೂ ಮರುಜನ್ಮ: ರೂಪಾಂತರ ಶಿಲೆಗಳ ಬಗ್ಗೆ ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ವಾಸ್ಕೊದ ನಾವೊಂದಷ್ಟು ಕನ್ನಡದ ಮನೆಯವರು ಬುತ್ತಿ ಕಟ್ಟಿಕೊಂಡು ಕಲ್ಲು ನೋಡಲು ಹೋಗುತ್ತೇವೆ. ಕಲ್ಲು ನೋಡೋಕೆ ಯಾರಾದರೂ ಹೋಗ್ತಾರಾ ಎಂದು ನಕ್ಕವರೇ ಈಗ ಮಕ್ಕಳನ್ನು ಕರೆದುಕೊಂಡು ಮೊದಲು ಬಂದು ನಿಲ್ಲುತ್ತಾರೆ. ನಾನು ಗಣಿಗಳಲ್ಲಿ ಭೂವಿಜ್ಞಾನಿಯಾಗಿ ದುಡಿದವನು. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಾಗ ಮನೆಯಲ್ಲಿ ಕೂತವರಲ್ಲಿ ನಾನೂ ಒಬ್ಬ, ಈ ನಡಿಗೆಗಳು ಶುರುವಾದದ್ದು ಆಮೇಲೆ. ಪ್ರತಿ ಸಲವೂ ಅದೇ ಪ್ರಶ್ನೆಗಳು ಬರುತ್ತವೆ, ಅದಕ್ಕೆ ಒಮ್ಮೆ ಬರೆದಿಟ್ಟರೆ ಆಯಿತು ಅಂದುಕೊಂಡೆ.

ಸರ್, ರೂಪಾಂತರ ಶಿಲೆ ಅಂದರೆ ಸರಳವಾಗಿ ಏನು?

ಇದ್ದ ಕಲ್ಲೇ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಕರಗದೆ, ಬೇರೆ ಕಲ್ಲಾಗುವುದು. ಆ "ಕರಗದೆ" ಎಂಬ ಮಾತಿನ ಕೆಳಗೆ ಒಂದು ಗೆರೆ ಎಳೆದುಕೊಳ್ಳಿ. ಹತ್ತರಲ್ಲಿ ಒಂಬತ್ತು ಜನ ಎಡವುವುದು ಅಲ್ಲೇ.

ಅವಲಕ್ಕಿ ಮಾಡುವುದನ್ನು ನೋಡಿದ್ದೀರಲ್ಲ. ಭತ್ತ ನೆನೆಸುತ್ತಾರೆ, ಹುರಿಯುತ್ತಾರೆ, ಬಿಸಿ ಇರುವಾಗಲೇ ಕುಟ್ಟುತ್ತಾರೆ. ನೀರು, ಶಾಖ, ಒತ್ತಡ ಮೂರೂ ಸೇರಿದವು. ಕಾಳು ಕರಗಲಿಲ್ಲ, ಗಂಜಿಯೂ ಆಗಲಿಲ್ಲ. ಅದೇ ಅಕ್ಕಿ, ಆದರೆ ಚಪ್ಪಟೆಯಾಗಿದೆ, ಒಳಗಿನ ಗುಣ ಬದಲಾಗಿದೆ, ಬೇಯಿಸದೆ ತಿನ್ನಬಹುದು. ದೀಪಾವಳಿಗೆ ಪಕ್ಕದ ಮನೆಯ ಕೊಂಕಣಿ ಬಾಯಿ ಬಗೆಬಗೆಯ ಫೋವ್, ಅಂದರೆ ಅವಲಕ್ಕಿ, ತಂದುಕೊಡುವಾಗಲೆಲ್ಲ ನನಗೆ ಶಿಸ್ಟ್ ಎಂಬ ಪದರ ಪದರದ ರೂಪಾಂತರ ಶಿಲೆ ನೆನಪಾಗುತ್ತದೆ. ಹೆಂಡತಿ ಇದಕ್ಕೆ ನಗುತ್ತಾಳೆ.

ಈ ಕಲ್ಲುಗಳಿಗೆ ರೂಪಾಂತರದ ಹೆಸರು ಸಿಕ್ಕಿದ್ದು 1833ರಲ್ಲಿ, ಚಾರ್ಲ್ಸ್ ಲಯಲ್ ಎಂಬ ಭೂವಿಜ್ಞಾನಿಯಿಂದ.

ಕರಗಿಬಿಟ್ಟರೆ?

ಆಗ ಅದು ಶಿಲಾರಸ, ತಣಿದರೆ ಅಗ್ನಿಶಿಲೆ. ಲೆಕ್ಕ ಮತ್ತೆ ಮೊದಲಿನಿಂದ. ಸ್ಥೂಲವಾಗಿ 150–200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ರೂಪಾಂತರ ಶುರು ಎನ್ನುತ್ತೇವೆ. ಮೇಲಿನ ಗಡಿ ಕಲ್ಲಿನ ಜಾತಿಯ ಮೇಲೆ, ಅದರಲ್ಲಿರುವ ನೀರಿನ ಮೇಲೆ ನಿಂತಿದೆ. ನೀರಿರುವ ಗ್ರಾನೈಟ್ ಜಾತಿಯ ಕಲ್ಲು 650 ಡಿಗ್ರಿಗೇ ಬೆವರಲು ಶುರುಮಾಡುತ್ತದೆ, ಒಣಗಿದ ಕಲ್ಲು ಇನ್ನೂರು ಡಿಗ್ರಿ ಹೆಚ್ಚಾದರೂ ಗಟ್ಟಿಯಾಗಿ ನಿಂತಿರುತ್ತದೆ. ಅರ್ಧ ಕರಗಿ ಅರ್ಧ ಉಳಿದ ಕಲ್ಲುಗಳೂ ಇವೆ. ಬಿಳಿ ಪಟ್ಟೆ ಕಪ್ಪು ಪಟ್ಟೆ ಹಾವಿನಂತೆ ಹೊರಳಿಕೊಂಡಿರುತ್ತವೆ, ಮಿಗ್ಮಟೈಟ್ ಎನ್ನುತ್ತಾರೆ.

ಅಷ್ಟು ಶಾಖ ಎಲ್ಲಿಂದ ಬರುತ್ತದೆ?

ಭೂಮಿಯ ಒಡಲೇ ಬಿಸಿ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಕೆಳಗಿಳಿದರೆ 25ರಿಂದ 30 ಡಿಗ್ರಿ ಏರುತ್ತದೆ. ಒಂದು ಭಾಗ ಭೂಮಿ ಹುಟ್ಟಿದಾಗಿನ ಉಳಿಕೆ ಶಾಖ, ಇನ್ನೊಂದು ಭಾಗ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ವಿಕಿರಣ ಸೂಸುತ್ತಾ ಕೊಡುವ ಶಾಖ.

ನಮ್ಮ ಕೋಲಾರದ ಗಣಿಗಳಲ್ಲಿ ಇದನ್ನು ಮೈಯಲ್ಲೇ ಅನುಭವಿಸಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು, ತಂಪು ಗಾಳಿ ಇಳಿಸದೆ ಕೆಲಸ ಸಾಧ್ಯವಿರಲಿಲ್ಲ. ಗಮನಿಸಿ, ಮೇಲೆ ಹೇಳಿದ ಲೆಕ್ಕ ಹಿಡಿದರೆ ಅಲ್ಲಿ ನೂರರ ಹತ್ತಿರ ಇರಬೇಕಿತ್ತು. ದಕ್ಷಿಣ ಭಾರತದ ನೆಲದ ಬುಡ ಬಹಳ ಹಳೆಯದು, ತಣ್ಣಗಾಗಿದೆ.

ಇನ್ನೊಂದು ದಾರಿ ಶಿಲಾರಸದ್ದು. ಕೆಳಗಿನಿಂದ ನುಗ್ಗಿ ಬಂದ ಶಿಲಾರಸ ಸುತ್ತಲಿನ ಕಲ್ಲನ್ನು ಇಟ್ಟಿಗೆ ಭಟ್ಟಿಯ ಹಾಗೆ ಸುಡುತ್ತದೆ. ಅದು ಸಂಪರ್ಕ ರೂಪಾಂತರ. ಹತ್ತಿರದ್ದು ಹೆಚ್ಚು ಬೇಯುತ್ತದೆ, ದೂರದ್ದು ಕಡಿಮೆ.

ಒತ್ತಡ ಎಂದರೆ ಎಷ್ಟು?

ಹತ್ತು ಕಿಲೋಮೀಟರ್ ಆಳದಲ್ಲಿ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ, ಸುಮಾರು 2700 ಕಿಲೋ ಭಾರ. ಮೂರು ಸಣ್ಣ ಕಾರು ಆ ಉಗುರಿನ ಮೇಲೆ ನಿಂತಂತೆ.

ಆದರೆ ಒತ್ತಡದಲ್ಲಿ ಎರಡು ಬಗೆ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಕಲ್ಲು ಸಾಂದ್ರವಾಗುತ್ತದೆ ಅಷ್ಟೇ, ಆಕಾರ ಕೆಡುವುದಿಲ್ಲ. ಒಂದು ಕಡೆಯಿಂದ ಹೆಚ್ಚು, ಇನ್ನೊಂದು ಕಡೆಯಿಂದ ಕಡಿಮೆ ಒತ್ತಿದರೆ ಕಥೆ ಬೇರೆ. ಎರಡು ಭೂಫಲಕಗಳು ಡಿಕ್ಕಿ ಹೊಡೆಯುವಲ್ಲಿ ಆಗುವುದು ಇದೇ. ಆಗ ಚಪ್ಪಟೆ ಖನಿಜಗಳೆಲ್ಲ ಒತ್ತಡಕ್ಕೆ ಅಡ್ಡವಾಗಿ ಮಲಗುತ್ತವೆ, ಹೊಸದಾಗಿ ಬೆಳೆಯುವ ಹರಳುಗಳೂ ಆ ದಿಕ್ಕಿನಲ್ಲೇ ಬೆಳೆಯುತ್ತವೆ. ಕಲ್ಲಿಗೆ ಎಳೆ ಮೂಡುತ್ತದೆ. ಹುಬ್ಬಳ್ಳಿ ಕಡೆ ಹೊಲದಲ್ಲಿ ಮಕ್ಕಳು ಆರಿಸಿ ತರುವ ಮಿರಮಿರ ಮಿಂಚುವ ಕಾಗೆಬಂಗಾರ, ಅಂದರೆ ಅಭ್ರಕ, ಹೀಗೆ ಮಲಗುವುದರಲ್ಲಿ ಎಲ್ಲರಿಗಿಂತ ಮುಂದೆ.

ನೀರಿಗೆ ಇಲ್ಲೇನು ಕೆಲಸ? ಶಾಖ, ಒತ್ತಡ ಎರಡೇ ಸಾಕಲ್ಲವೇ?

ಪಠ್ಯಪುಸ್ತಕದಲ್ಲಿ ಎರಡೇ ಹೇಳಿ ಮುಗಿಸಿಬಿಡುತ್ತಾರೆ, ನನಗೆ ಅದರ ಬಗ್ಗೆ ತಕರಾರಿದೆ. ಗಟ್ಟಿ ಕಲ್ಲಿನೊಳಗೆ ಪರಮಾಣುಗಳು ಒಂದು ಹರಳಿನಿಂದ ಇನ್ನೊಂದಕ್ಕೆ ಹೋಗಬೇಕು. ಒಣಗಿದ ಕಲ್ಲಿನಲ್ಲಿ ಅದು ಆಮೆಗಿಂತ ನಿಧಾನ. ಹರಳುಗಳ ಸಂದಿಯಲ್ಲಿ ಕೂದಲೆಳೆಗಿಂತ ತೆಳುವಾಗಿ ನೀರೋ ಆವಿಯೋ ಇದ್ದರೆ ಸಾಗಣೆ ಸಲೀಸು. ಭತ್ತವನ್ನು ನೆನೆಸದೆ ಕುಟ್ಟಿದರೆ ಅವಲಕ್ಕಿ ಆಗುತ್ತದೆಯೇ? ನುಚ್ಚಾಗುತ್ತದೆ.

ಇದಕ್ಕೆ ಜಗತ್ತೇ ನೋಡಲು ಬರುವ ಸಾಕ್ಷಿ ನಮ್ಮ ರಾಮನಗರ ಸೀಮೆಯ ಕಬ್ಬಾಳದುರ್ಗದಲ್ಲಿದೆ. ಅಲ್ಲಿ ಬೂದು ಬಣ್ಣದ ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲಿನ ಮೇಲೆ, ಬಟ್ಟೆಗೆ ಎಣ್ಣೆ ಇಳಿದಂತೆ, ಕಪ್ಪು ಹಸಿರಿನ ತೇಪೆಗಳಿವೆ. ಆ ತೇಪೆ ಚಾರ್ನೊಕೈಟ್ ಎಂಬ ಬೇರೆಯೇ ಕಲ್ಲು. ಕರ್ನಾಟಕದಲ್ಲಿ ದುಡಿದ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಇದನ್ನು ಕಂಡು, ಒಂದು ಕಲ್ಲು ಇನ್ನೊಂದಾಗುತ್ತಿರುವಾಗಲೇ ಸಿಕ್ಕಿಬಿದ್ದಿದೆ ಎಂದು ಜಗತ್ತಿಗೆ ತಿಳಿಸಿದರು. ಆಳದಿಂದ ಬಿರುಕುಗಳ ಗುಂಟ ಏರಿ ಬಂದ ಇಂಗಾಲದ ಡೈಆಕ್ಸೈಡ್ ಅಲ್ಲಿ ಕಲ್ಲಿನ ನೀರನ್ನು ಹೊರಗಟ್ಟಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅದೇ ಶಾಖ, ಅದೇ ಒತ್ತಡ, ಆದರೂ ಗೇಣು ದೂರದಲ್ಲಿ ಎರಡು ಕಲ್ಲು. ನಡುವಿನ ವ್ಯತ್ಯಾಸ ಆವಿಯದು. ಬೆಂಗಳೂರಿಗೆ ಹೋದಾಗ ಒಂದು ದಿನ ಅದಕ್ಕೆಂದೇ ಇಟ್ಟುಕೊಳ್ಳಿ.

ಸುಣ್ಣಕಲ್ಲು ಸುಟ್ಟರೆ ಸುಣ್ಣ ಆಗುತ್ತದೆ. ಅಮೃತಶಿಲೆ ಹೇಗಾಯಿತು?

ಇದನ್ನು ಕೇಳಿದ್ದು ಏಳನೇ ತರಗತಿಯ ಹುಡುಗಿ. ಇಷ್ಟು ವರ್ಷದಲ್ಲಿ ನನಗೆ ಬಂದ ಅತ್ಯುತ್ತಮ ಪ್ರಶ್ನೆ.

ತೆರೆದ ಭಟ್ಟಿಯಲ್ಲಿ ಸುಣ್ಣಕಲ್ಲನ್ನೋ, ಈ ಕರಾವಳಿಯವರು ಮಾಡುವಂತೆ ಚಿಪ್ಪನ್ನೋ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಉಳಿಯುವುದು ಸುಣ್ಣ. ಹಾಗಾದರೆ ಭೂಮಿಯೊಳಗೆ ಬೆಂದ ಸುಣ್ಣಕಲ್ಲೂ ಸುಣ್ಣವಾಗಬೇಕಿತ್ತಲ್ಲ? ಎರಡು ಶತಮಾನದ ಹಿಂದೆ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟನ್ನನ ವಿರೋಧಿಗಳು ಇದೇ ವಾದ ಹೂಡಿದ್ದರು. ಒತ್ತಡ ಆ ಅನಿಲವನ್ನು ಹೊರಗೆ ಬಿಡುವುದಿಲ್ಲ ಎಂಬುದು ಹಟನ್ನನ ಉತ್ತರ, ಆದರೆ ಪ್ರಯೋಗಗಳ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಅವನ ಗೆಳೆಯ ಜೇಮ್ಸ್ ಹಾಲ್ ಮರ್ಯಾದೆಗೆ ಸುಮ್ಮನಿದ್ದು, 1797ರಲ್ಲಿ ಹಟನ್ ತೀರಿಕೊಂಡ ಮೇಲೆ ಕೆಲಸಕ್ಕಿಳಿದ. ಸೀಮೆಸುಣ್ಣದ ಕಲ್ಲನ್ನು ಪುಡಿಮಾಡಿ ಬಂದೂಕಿನ ನಳಿಗೆಗಳಿಗೆ ತುಂಬಿ, ಬಾಯಿ ಬಿಗಿದು, ಕುಲುಮೆಗೆ ಹಾಕಿದ. ಎಷ್ಟೋ ನಳಿಗೆಗಳು ಸಿಡಿದವು. ಸಿಡಿಯದೆ ಉಳಿದವುಗಳಲ್ಲಿ ಪುಡಿ ಹರಳುಗಟ್ಟಿ ಗಟ್ಟಿ ಕಲ್ಲಾಗಿತ್ತು, ಅಮೃತಶಿಲೆಯ ಹಾಗೆ. 1805ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟ.

ಬಾಯಿ ಬಿಗಿದರೆ ಅಮೃತಶಿಲೆ, ಬಿಟ್ಟರೆ ಸುಣ್ಣ. ಆ ಹುಡುಗಿಗೆ ಹೇಳಿದೆ, ಕುಕ್ಕರಿನ ಸೀಟಿ ನೆನಪಿಟ್ಟುಕೊ ಅಂತ.

ಹಳೆ ಗೋವಾದ ಬಾಮ್ ಜೀಸಸ್ ಚರ್ಚಿಗೆ ಹೋದರೆ ಸಂತ ಫ್ರಾನ್ಸಿಸ್ ಝೇವಿಯರ್ ಸಮಾಧಿಯ ಪೀಠ ನೋಡಿ. ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿ ಅಮೃತಶಿಲೆ ಮತ್ತು ಬಣ್ಣದ ಜಾಸ್ಪರ್ ಕಲ್ಲಿನಲ್ಲಿ ಮಾಡಿದ್ದು, 1698ರಲ್ಲಿ ಇಲ್ಲಿಗೆ ಬಂತು. ಜನ ಬೆಳ್ಳಿಯ ಪೆಟ್ಟಿಗೆ ನೋಡಿ ಮುಂದೆ ಹೋಗುತ್ತಾರೆ, ನಾನು ಕೆಳಗಿನ ಕಲ್ಲು ನೋಡುತ್ತಾ ನಿಂತು ಕಾವಲುಗಾರನ ಸಂಶಯಕ್ಕೆ ಗುರಿಯಾಗಿದ್ದೇನೆ.

ಪಾಟಿ, ಶಿಸ್ಟ್, ನೈಸ್ ಇವೆಲ್ಲ ಬೇರೆ ಬೇರೆ ಕಲ್ಲೇ?

ಒಂದೇ ಜೇಡಿಮಣ್ಣಿನ ಬೇರೆ ಬೇರೆ ವಯಸ್ಸು ಅನ್ನಿ, ಬೇರೆ ಬೇರೆ ಹದ ಅಂದರೆ ಇನ್ನೂ ಸರಿ. ಕೆಸರು ಗಟ್ಟಿಯಾಗಿ ಜೇಡಿಶಿಲೆಯಾಯಿತು. ಅದು ಸ್ವಲ್ಪ ಬೆಂದು ಒತ್ತಿಸಿಕೊಂಡರೆ ಹಾಳೆ ಹಾಳೆಯಾಗಿ ಸೀಳುವ ಪಾಟಿಕಲ್ಲು. ಇನ್ನೂ ಬೆಂದರೆ ರೇಷ್ಮೆಯ ಹೊಳಪಿನ ಫಿಲೈಟ್. ಇನ್ನೂ ಬೆಂದರೆ ಕಣ್ಣಿಗೆ ಕಾಣುವಷ್ಟು ದೊಡ್ಡ ಅಭ್ರಕದ ಶಿಸ್ಟ್. ಕೊನೆಗೆ ಕಪ್ಪು ಬಿಳಿ ಖನಿಜಗಳು ಬೇರೆ ಬೇರೆ ಪಟ್ಟೆಯಾಗಿ ಸರಿದು ನೈಸ್. ಗ್ರಾನೈಟಿನಿಂದ ಆದ ನೈಸ್ ಕೂಡ ಉಂಟು, ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಅಂಥ ವಂಶದ್ದು, ಸುಮಾರು 300 ಕೋಟಿ ವರ್ಷದ್ದು.

ನಮ್ಮ ಕಾಲದವರು ಶಾಲೆಗೆ ಹಿಡಿದುಕೊಂಡು ಹೋಗುತ್ತಿದ್ದ ಪಾಟಿ ರೂಪಾಂತರ ಶಿಲೆ. ಅದರ ಮೇಲೆ ಗೀಚುತ್ತಿದ್ದ ಬಳಪದ ಕಲ್ಲೂ ರೂಪಾಂತರ ಶಿಲೆ, ಮೆಗ್ನೀಸಿಯಂ ಹೆಚ್ಚಿರುವ ಕರಿಕಲ್ಲು ಬಿಸಿನೀರಿನ ಸಹವಾಸದಲ್ಲಿ ಬದಲಾದದ್ದು. ಅ ಆ ಇ ಈ ತಿದ್ದಿದ್ದೇ ಒಂದು ರೂಪಾಂತರ ಶಿಲೆಯಿಂದ ಇನ್ನೊಂದರ ಮೇಲೆ. ಬೇಲೂರಿನ ಶಿಲಾಬಾಲಿಕೆಯರ ಒಡವೆಗಳು ಅಷ್ಟು ನಾಜೂಕಾಗಿ ಮೂಡಿದ್ದೂ ಅದೇ ಬಳಪದ ಕಲ್ಲಿನ ಮೆತ್ತಗಿನ ಗುಣದಿಂದ.

ಕಲ್ಲು ಎಷ್ಟು ಬಿಸಿಯಾಗಿತ್ತು ಅಂತ ಹೇಗೆ ಹೇಳುತ್ತೀರಿ? ಯಾರು ನೋಡಿದ್ದಾರೆ?

ಖನಿಜಗಳೇ ನೋಡಿವೆ. ಒಂದೊಂದು ಖನಿಜಕ್ಕೂ ತನ್ನದೇ ಆದ ಹದವಿದೆ. 1893ರಲ್ಲಿ ಜಾರ್ಜ್ ಬ್ಯಾರೋ ಎಂಬಾತ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ನಡೆಯುತ್ತಾ, ಒಂದು ದಿಕ್ಕಿಗೆ ಹೋದಂತೆ ಖನಿಜಗಳು ಒಂದು ಕ್ರಮದಲ್ಲಿ ಬದಲಾಗುವುದನ್ನು ಗುರುತಿಸಿದ. ಈಗ ನಾವು ಹೇಳುವ ಸಾಲು ಹೀಗಿದೆ. ಮೊದಲು ಹಸಿರು ಕ್ಲೋರೈಟ್, ಆಮೇಲೆ ಕಪ್ಪು ಅಭ್ರಕ, ಗಾರ್ನೆಟ್, ಸ್ಟಾರೊಲೈಟ್, ಕಯನೈಟ್, ಕೊನೆಗೆ ಸಿಲಿಮನೈಟ್. ಬೆಲ್ಲದ ಪಾಕದಲ್ಲಿ ಒಂದೆಳೆ, ಎರಡೆಳೆ, ಉಂಡೆ ಹದ ಎಂದು ಬೆರಳಿನಲ್ಲೇ ಹೇಳುವ ಅಜ್ಜಿಗೆ ಥರ್ಮಾಮೀಟರ್ ಬೇಕಿರಲಿಲ್ಲವಲ್ಲ, ಹಾಗೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಮೂವರು ಅಣ್ಣತಮ್ಮಂದಿರ ಕಥೆ. ಆಂಡಲುಸೈಟ್, ಕಯನೈಟ್, ಸಿಲಿಮನೈಟ್ ಮೂರರಲ್ಲೂ ಇರುವುದು ಒಂದೇ ಸಾಮಗ್ರಿ, ಒಂದೇ ಪ್ರಮಾಣದ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ. ಒತ್ತಡ ಕಡಿಮೆ ಇದ್ದರೆ ಆಂಡಲುಸೈಟ್, ಹೆಚ್ಚಿದ್ದರೆ ನೀಲಿ ಕಯನೈಟ್, ಶಾಖ ಹೆಚ್ಚಾದರೆ ಸಿಲಿಮನೈಟ್. ಸುಮಾರು 500 ಡಿಗ್ರಿ, 14 ಕಿಲೋಮೀಟರ್ ಆಳದ ಒತ್ತಡದಲ್ಲಿ ಮಾತ್ರ ಮೂವರೂ ಒಟ್ಟಿಗೆ ನೆಮ್ಮದಿಯಾಗಿ ಇರಬಲ್ಲರು. ಕಲ್ಲಿನಲ್ಲಿ ಯಾರು ಸಿಕ್ಕರು ಎನ್ನುವುದರಿಂದ ಅದು ಎಲ್ಲಿಗೆ ಹೋಗಿ ಬಂತು ಎಂದು ಹೇಳಬಹುದು.

ಗೋವಾದಲ್ಲಿ ಇವನ್ನು ಎಲ್ಲಿ ನೋಡಬಹುದು?

ನೀವು ನಿಂತ ಜಾಗದ ಕೆಳಗೇ ಇವೆ. ಉತ್ತರ, ಈಶಾನ್ಯದ ಅಂಚಿನಲ್ಲಿ ಸ್ವಲ್ಪ ಭಾಗ ಬಸಾಲ್ಟ್, ಅಂದರೆ ಲಾವಾ ತಣಿದಾದ ಕಲ್ಲು, ಬಿಟ್ಟರೆ ಗೋವಾದ ಬಹುಪಾಲು ನೆಲ ರೂಪಾಂತರ ಶಿಲೆಯದು, ಮೇಲೆ ಮುರಕಲ್ಲಿನ ಹೊದಿಕೆ ಇರುವುದರಿಂದ ಕಾಣುವುದಿಲ್ಲ ಅಷ್ಟೇ.

ದೋನಾ ಪೌಲಾದ ದಡದಲ್ಲಿ ಅಲೆ ಬಡಿಯುವ ಬಂಡೆ ಮೆಟಾಗ್ರೇವ್ಯಾಕ್. ಹಿಂದೊಮ್ಮೆ ಸಮುದ್ರದ ತಳಕ್ಕೆ ಜಾರಿ ಬಿದ್ದ ಮರಳು, ಕೆಸರು ಹದವಾಗಿ ಬೆಂದು ಆದದ್ದು. ನಡುವೆ ಬಿಳಿ ಬೆಣಚುಕಲ್ಲಿನ ಎಳೆಗಳು ಓಡಿವೆ, ಬಿಸಿನೀರು ಬಿರುಕುಗಳಲ್ಲಿ ಬಿಟ್ಟುಹೋದ ಗುರುತು ಅದು. ಸೆಲ್ಫಿ ತೆಗೆಸಿಕೊಳ್ಳುವವರು ಅದರ ಮೇಲೇ ನಿಂತಿರುತ್ತಾರೆ. ಇಳಿತದ ಹೊತ್ತಿಗೆ ಹೋಗಿ, ಪಾಚಿ ಇರುವಲ್ಲಿ ಕಾಲಿಡಬೇಡಿ.

ಡಿಚೋಲಿ, ಸಾಂಗೆಂ ಕಡೆ ಕಬ್ಬಿಣದ ಅದಿರು ಕೊಟ್ಟದ್ದೂ ಇಂಥದೇ ಕಲ್ಲು. ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಬೆಣಚು, ಸೀರೆಯ ಅಂಚಿನಂತೆ. ಗೋವಾದ ಈ ಕಲ್ಲುಗಳು ಹೆಚ್ಚಾಗಿ ಕೆಳ ಹದದವು, ಸುಮಾರು 300ರಿಂದ 450 ಡಿಗ್ರಿಯಷ್ಟು ಬೆಂದವು. ಕ್ಲೋರೈಟಿನಿಂದಾಗಿ ಹಸಿರು ಛಾಯೆ.

ಇನ್ನು ಊರಿಗೆ ಹೋಗುವ ದಾರಿ. ಅನಮೋಡ ಘಾಟಿನಲ್ಲಿ ಬಸ್ಸು ತಿರುವು ತೆಗೆದುಕೊಳ್ಳುವಾಗ ಮಕ್ಕಳಿಗೆ ವಾಂತಿ ಬರುತ್ತದೆಂದು ಕಣ್ಣು ಮುಚ್ಚಿಸುತ್ತೇವಲ್ಲ, ಆ ಘಾಟಿನ ನೈಸ್ ಸುಮಾರು 340 ಕೋಟಿ ವರ್ಷ ಹಳೆಯದು. ಗೋವಾದ ಉಳಿದ ಕಲ್ಲುಗಳೆಲ್ಲ ಅದರ ಮೇಲೆ ಕೂತವು. ಹಾಗೆ ಮೇಲೆ ಕೂತ ರೂಪಾಂತರ ಶಿಲೆಗಳು ಯಾವ ಗುಂಪಿಗೆ ಸೇರಿದವು ಗೊತ್ತೇ? ಧಾರವಾಡದ ಗುಂಪಿಗೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮೂರಿನ ಹೆಸರನ್ನೇ ಈ ಹಳೆಯ ಶಿಲೆಗಳಿಗೆ ಇಟ್ಟ. ಇಲ್ಲಿಯವರು ಯಾರಾದರೂ ನಿಮ್ಮನ್ನು ಹೊರಗಿನವರು ಎಂದರೆ ಜಗಳಕ್ಕೆ ಹೋಗಬೇಡಿ. ನಮ್ಮ ಕಲ್ಲು 250 ಕೋಟಿ ವರ್ಷಕ್ಕೂ ಮೊದಲೇ ಇಲ್ಲಿ ಬಾಡಿಗೆ ಕೊಡದೆ ಕೂತಿದೆ ಎಂದು ನಕ್ಕು ಸುಮ್ಮನಾಗಿ.

ಮನೆ ಕಟ್ಟುವ ಕೆಂಪು ಮುರಕಲ್ಲು ರೂಪಾಂತರ ಶಿಲೆಯೇ?

ಅಲ್ಲ. ಅದು ಮಳೆ ಬಿಸಿಲಿಗೆ ಕಲ್ಲು ಕೊಳೆತು, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದದ್ದು. ಆಳವೂ ಇಲ್ಲ, ಒತ್ತಡವೂ ಇಲ್ಲ. ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲನ್ನು 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಲ್ಯಾಟರೈಟ್ ಎಂದು ಕರೆದ. ನಮ್ಮವರು ಅದನ್ನು ಜಂಬಿಟ್ಟಿಗೆ ಎನ್ನುತ್ತಾರೆ, ಅದರಲ್ಲೂ ಇಟ್ಟಿಗೆಯೇ ಇದೆ ನೋಡಿ.

ನಾವು ಪುಣೆಯಲ್ಲಿದ್ದೇವೆ, ತಮ್ಮ ಮುಂಬಯಿಯಲ್ಲಿ. ಅಲ್ಲಿ ಇಲ್ಲವೇ?

ಮೇಲೆ ಕಾಣುವುದಿಲ್ಲ. ಅಲ್ಲಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ದಖ್ಖನ್ ಬಸಾಲ್ಟ್. ಅದರ ಕೆಳಗೇನಿದೆ? ಕೊಯ್ನಾದಲ್ಲಿ 1967ರ ಡಿಸೆಂಬರ್ 11ರ ಭೂಕಂಪದ ನಂತರವೂ ನೆಲ ನಡುಗುತ್ತಲೇ ಇದ್ದುದರಿಂದ, ಕಾರಣ ಹುಡುಕಲು ಈಚೆಗೆ ಆಳದ ಬಾವಿಗಳನ್ನು ಕೊರೆದರು. ಸುಮಾರು ಒಂದು ಕಿಲೋಮೀಟರ್ ಬಸಾಲ್ಟ್ ದಾಟಿದ ಮೇಲೆ ಸಿಕ್ಕಿದ್ದು ಗ್ರಾನೈಟ್, ನೈಸ್. ನಮ್ಮ ಕಡೆ ಹೊಲದಲ್ಲಿ ಬಿದ್ದಿರುವಂಥದೇ ಕಲ್ಲು, ಕರಿ ಕಂಬಳಿ ಹೊದ್ದು ಮಲಗಿದೆ.

ಪುಣೆಯವರಿಗೆ ಇನ್ನೊಂದು ಭಾಗ್ಯವಿದೆ, ಲೋಣಾರ್. ಉಲ್ಕೆ ಬಂದು ಬಸಾಲ್ಟಿಗೆ ಅಪ್ಪಳಿಸಿ ಆದ ಕೆರೆ, ಅಡ್ಡಳತೆ ಸುಮಾರು 1.8 ಕಿಲೋಮೀಟರ್. ಕ್ಷಣಮಾತ್ರದ ಆಘಾತಕ್ಕೆ ಅಲ್ಲಿನ ಫೆಲ್ಡ್‌ಸ್ಪಾರ್ ಹರಳುಗಳು ಕರಗದೆಯೇ ಗಾಜಿನಂತಾಗಿವೆ. ಕೋಟಿ ವರ್ಷ ಬೇಡದ, ರೆಪ್ಪೆ ಬಡಿಯುವುದರೊಳಗೆ ಮುಗಿಯುವ ರೂಪಾಂತರ ಅದು.

ನಮ್ಮ ಅಡುಗೆಕಟ್ಟೆಯ ಗ್ರಾನೈಟ್ ನಿಜವಾಗಿ ಗ್ರಾನೈಟೇ?

ಅಂಗಡಿಯವನಿಗೆ ಗಟ್ಟಿಯಾಗಿದ್ದು ಪಾಲಿಶ್ ಹಿಡಿದದ್ದೆಲ್ಲ ಗ್ರಾನೈಟ್. ಪಟ್ಟೆ ಹರಿದಾಡಿದಂತಿದ್ದರೆ, ಮುಖ್ಯವಾಗಿ ಪ್ಯಾರಡಿಸೊ ಎಂಬ ಹೆಸರಿನಲ್ಲಿ ಮಾರುವ ನೇರಳೆ ಛಾಯೆಯದು, ಅದು ನೈಸ್ ಜಾತಿ. ಚುಕ್ಕಿ ಚುಕ್ಕಿಯಾಗಿ ದಿಕ್ಕಿಲ್ಲದೆ ಚೆಲ್ಲಿದಂತಿದ್ದರೆ ಗ್ರಾನೈಟ್. ಕಪ್ಪಗಿನ ಕಡಪ ಕಲ್ಲು, ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ, ಹಾಳೆಯಂತೆ ಏಳುತ್ತವೆಂದು ಪಾಟಿಕಲ್ಲು ಅಂದುಕೊಳ್ಳಬೇಡಿ.

ಅಮೃತಶಿಲೆಯ ಕಟ್ಟೆ ಇದ್ದವರಿಗೆ ಒಂದು ಮಾತು. ಕೋಕಂ, ನಿಂಬೆ, ಹುಣಸೆ ಯಾವುದೂ ಚೆಲ್ಲಬಾರದು. ಬಾಡಿಗೆ ಮನೆಯೊಂದರಲ್ಲಿ ಸೋಲ್ ಕಡಿ ಮಾಡಲು ಹೋಗಿ ಬಟ್ಟಲಿನ ಗುಂಡಗಿನ ಗುರುತನ್ನು ಶಾಶ್ವತವಾಗಿ ಮೂಡಿಸಿದ ಪುಣ್ಯಾತ್ಮ ನಾನೇ, ಮುಂಗಡದಲ್ಲಿ ಅದಕ್ಕೆ ಕತ್ತರಿ ಬಿತ್ತು. ಬೆಂದು ಹರಳುಗಟ್ಟಿದರೂ ಅದರ ಮೈ ಸುಣ್ಣದ್ದೇ, ಹುಳಿ ತಾಗಿದರೆ ತಿನ್ನುತ್ತದೆ. ಮರಳುಗಲ್ಲು ರೂಪಾಂತರಗೊಂಡ ಕ್ವಾರ್ಟ್ಸೈಟ್‌ಗೆ ಈ ಚಿಂತೆ ಇಲ್ಲ.

ಅಷ್ಟು ಆಳದ ಕಲ್ಲು ಮೇಲೆ ಹೇಗೆ ಬಂತು?

ಕಲ್ಲು ಏರುವುದು, ಮೇಲಿನದು ಸವೆಯುವುದು ಎರಡೂ ಜೊತೆಜೊತೆಗೆ. ಬೆಟ್ಟದ ತಲೆ ಸವೆದಷ್ಟೂ ಭಾರ ಇಳಿದು ಬುಡ ಮೇಲೇಳುತ್ತದೆ, ಸರಕು ಇಳಿಸಿದ ದೋಣಿಯಂತೆ. ಜುಲೈನಲ್ಲಿ ಪಣಜಿ ಸೇತುವೆಯ ಮೇಲೆ ನಿಂತು ಮಾಂಡೋವಿಯ ಕೆಂಪು ನೀರು ನೋಡಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಅದು. ನೀರಿನ ಜಗಳ ಇಲ್ಲಿ ಬೇಡ, ನಾನು ಹೇಳುವುದು ಮಣ್ಣಿನ ಬಗ್ಗೆ. ಅಷ್ಟಷ್ಟೇ ಹೀಗೆ ಕೋಟ್ಯಂತರ ಮಳೆಗಾಲ ಹೊತ್ತೊಯ್ದರೆ ಹತ್ತು ಕಿಲೋಮೀಟರ್ ಹೊದಿಕೆ ಉಳಿಯುವುದಿಲ್ಲ.

ಮೇಲೆ ಬಂದು ತಣ್ಣಗಾದ ಮೇಲೆ ಮತ್ತೆ ಕೆಸರಾಗಿ ಯಾಕೆ ಬದಲಾಗುವುದಿಲ್ಲ?

ನಿಯಮದ ಪ್ರಕಾರ ಆಗಬೇಕು. ಆದರೆ ಬೇಯುವಾಗ ನೀರು ಹೊರಟುಹೋಗಿದೆ, ತಣಿದ ಮೇಲೆ ಪರಮಾಣುಗಳಿಗೆ ಓಡಾಡುವ ತ್ರಾಣವೂ ಇಲ್ಲ. ಅವಲಕ್ಕಿ ತಿರುಗಿ ಭತ್ತವಾಗದು. ಕೆಲವೊಮ್ಮೆ ಏರುವ ದಾರಿಯಲ್ಲಿ ನೀರು ಸಿಕ್ಕರೆ ಗಾರ್ನೆಟ್ಟಿನ ಅಂಚು ಕ್ಲೋರೈಟಾಗಿ ಹಸಿರಾಗಿರುತ್ತದೆ. ಭೂತಗನ್ನಡಿಯಲ್ಲಿ ಅಂಥದ್ದೊಂದು ಸಿಕ್ಕರೆ ಆ ದಿನ ನನಗೆ ಊಟ ಬೇಡ.

ನಡಿಗೆಗೆ ಬರುವಾಗ ಏನು ತರಬೇಕು? ಕಲ್ಲು ಮನೆಗೆ ಒಯ್ಯಬಹುದೇ?

ಹತ್ತು ಪಟ್ಟು ದೊಡ್ಡದು ತೋರಿಸುವ ಮಸೂರ, ಒಂದು ಮೊಳೆ, ಅರ್ಧ ನಿಂಬೆಹಣ್ಣು, ಟೋಪಿ, ನೀರು. ಮೊಳೆಯಿಂದ ಗೀರಿದರೆ ಬೆಣಚುಕಲ್ಲು ಜಗ್ಗುವುದಿಲ್ಲ, ಅಮೃತಶಿಲೆಗೆ ಗೀರು ಬೀಳುತ್ತದೆ. ಗೀರಿದ ಪುಡಿಗೆ ನಿಂಬೆರಸ ಬಿಟ್ಟು ಮಸೂರದಲ್ಲಿ ನೋಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಬಂಡೆ ಒಡೆಯಲು ಸುತ್ತಿಗೆ ತರಬೇಡಿ. ಕೆಳಗೆ ಬಿದ್ದಿರುವ ಮುಷ್ಟಿಯಷ್ಟು ಚೂರು ಕೈಯಲ್ಲಿ ಹಿಡಿದು ನೋಡಲು ಸಾಕು, ಕಾಡಿನ ಸರಹದ್ದಿನಲ್ಲಾದರೆ ನೋಡಿ ಅಲ್ಲೇ ಇಡಿ. ಹೋದ ಸಲ ಒಬ್ಬ ಕಾಕಾ ತಮ್ಮ ಊಟದ ಡಬ್ಬಿಯ ತುಂಬ ಫಿಲೈಟ್ ತುಂಬಿಕೊಂಡರು, ಮನೆಯಲ್ಲಿ ಕಾಕುವಿನಿಂದ ಏನು ಸಿಕ್ಕಿತೋ ಅವರಿನ್ನೂ ಹೇಳಿಲ್ಲ.